ನಾಲ್ಕು ಭಾಷೆಯ ಬರ್ತೇನಿ

ಚುನಾವಣೆ ಬಂತೆಂದರೆ ನನಗೆ ಈಗಲೂ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಪತ್ರಿಕೆಯ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಬೀದಿಯಲ್ಲಿ ಮೈಕು ಕಟ್ಟಿದ ಗಾಡಿಯ ಸದ್ದು ಕೇಳಿದರೆ ಸಾಕು, ಕೈ ತಾನಾಗಿ ಅಂಗಿಯ ಜೇಬಿಗೆ ಹೋಗಿ ಪೆನ್ನು ಹುಡುಕುತ್ತದೆ. 'ಸುರು ಆತು ಇವರ ಹುಚ್ಚು' ಎಂದು ನನ್ನ ಹೆಂಡತಿ ಅಡಿಗೆಮನೆಯಿಂದಲೇ ಅನ್ನುತ್ತಾಳೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಹುಡುಕಿಕೊಂಡು ಬಂದರೆ ಕೇಳುವ ಪ್ರಶ್ನೆ ಒಂದೇ. ಮೊಬೈಲಿಲ್ಲ, ಸಮೀಕ್ಷೆಯಿಲ್ಲ, ಶಾಸಕರೊಬ್ಬರ ಗಾಳಿ ಹೇಗಿದೆಯೆಂದು ನಿಮಗೆ ಆಗ ಹೇಗೆ ತಿಳಿಯುತ್ತಿತ್ತು? ಚಹಾ ಕೊಟ್ಟು ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವಾಗ ಏನಾದೆ, ಯಾವ ಕುರ್ಚಿಗೆ ಏರಿದೆ ಎನ್ನುವುದು ಇದರಲ್ಲಿಲ್ಲ. ಅದರಲ್ಲಿ ನನಗೇ ಸ್ವಾರಸ್ಯವಿಲ್ಲ, ನಿಮಗೆಲ್ಲಿಂದ ಬರಬೇಕು?

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ನಾನು ದಾಂಡೇಲಿಯ ವರದಿಗಾರನಾದೆ. ಏಜೆಂಟನೂ ನಾನೇ. ಸುದ್ದಿ ಬರೆದವನೂ ನಾನೇ, ಮರುದಿನ ಅದನ್ನು ಸೈಕಲ್ಲಿಗೆ ಹೇರಿಕೊಂಡು ಮನೆ ಮನೆಗೆ ಹಾಕಿದವನೂ ನಾನೇ. ತಪ್ಪು ಅಚ್ಚಾದರೆ ಬೈಯಲು ಗಿರಾಕಿಗಳು ಹುಬ್ಬಳ್ಳಿಯವರೆಗೆ ಹೋಗಬೇಕಾಗಿರಲಿಲ್ಲ, ಬಾಗಿಲಲ್ಲೇ ಕೆಲಸ ಮುಗಿಯುತ್ತಿತ್ತು. ಬರೆದ ಸುದ್ದಿಯನ್ನು ಲಕೋಟೆಗೆ ಹಾಕಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು, ಅಲ್ಲಿನ ಸ್ಟ್ಯಾಂಡಿನಲ್ಲಿ ನಮ್ಮ ಆಫೀಸಿನವರು ಇಸಿದುಕೊಳ್ಳುವುದು, ಇದು ಪದ್ಧತಿ. ಕಂಡಕ್ಟರ್ ಮರೆತನೋ, ನನ್ನ ಸುದ್ದಿ ಡಿಪೋದಲ್ಲಿ ಮಲಗಿ ಎದ್ದು ಮರುದಿನ ಅದೇ ಬಸ್ಸಿನಲ್ಲಿ ನನ್ನ ಹತ್ತಿರವೇ ವಾಪಸಾಗುತ್ತಿತ್ತು. ತೀರಾ ತುರ್ತಾದರೆ ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಮಾಡಬೇಕು. ಅಲ್ಲಿ ಎಷ್ಟು ಕೂಗಬೇಕಾಗುತ್ತಿತ್ತೆಂದರೆ, ಪತ್ರಿಕೆಗೆ ಮುಟ್ಟುವ ಮೊದಲೇ ಸುದ್ದಿ ಅರ್ಧ ದಾಂಡೇಲಿಗೆ ಮುಟ್ಟಿರುತ್ತಿತ್ತು.

ನಮ್ಮ ಸಂಪಾದಕರು ಗಲಗಲಿ ಮಾಸ್ತರು. ಹಿಂದೆ ಸಾಲಿಯಲ್ಲಿ ಕಲಿಸುತ್ತಿದ್ದವರು, ಪತ್ರಿಕೆಗೆ ಬಂದ ಮೇಲೂ ಮಾಸ್ತರಾಗಿಯೇ ಉಳಿದರು. ನನ್ನ ಬರಹದ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ ವಾಪಸು ಕಳಿಸುತ್ತಿದ್ದರು. ಮುಂಗೋಪಿ. ಆದರೆ ಈ ಕೆಲಸದಲ್ಲಿ ನನಗೆ ಅನ್ನ ಹಾಕಿದ ಒಂದು ಮಾತು ಅವರದೇ. ಶಾಸಕರ ಸಾಧನೆ ಕುರಿತು ಜನರನ್ನು ಹೇಗೆ ಕೇಳಬೇಕು ಎಂದು ಮೊದಲ ಸಲ ವಿಚಾರಿಸಿದಾಗ ಅವರು ಅಂದದ್ದು:

"ಏನ್ ಮಾಡ್ಯಾರ ಅಂತ ಕೇಳಬ್ಯಾಡ. ಹಂಗ ಕೇಳಿದ್ರ ಅವರ ಕಡ್ಯಾಂವ ಹೊಗಳ್ತಾನ, ಆ ಕಡ್ಯಾಂವ ಬೈತಾನ. ಹಿಂದಕ ಬಂದಾಗ ಏನ್ ಉಂಡು ಹೋದ್ರು ಅಂತ ಕೇಳು. ಉಂಡಿದ್ದು ನೆನಪಿದ್ರ ಮನಷ್ಯಾ ಬಂದಿದ್ದು ಖರೆ."

ಎಂಥ ಮಾತು ನೋಡಿ. ಇವತ್ತಿಗೂ ಅದನ್ನು ಮೀರಿಸುವ ಪ್ರಶ್ನೆ ನನಗೆ ಸಿಕ್ಕಿಲ್ಲ.

ಆಗಿನ ನಮ್ಮ ಶಾಸಕರು ಹಳಿಯಾಳದ ವಕೀಲರು. ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೆಯೇ ಬರೆಯುತ್ತೇನೆ. ಅವರ ಮತದ ಹೊಲವೋ ಒಂದು ಕಡೆಯದಲ್ಲ. ಹಳಿಯಾಳದಲ್ಲಿ ಧಾರವಾಡದ ಕನ್ನಡ, ದಾಂಡೇಲಿಯ ಕಾಗದದ ಗಿರಣಿಯ ಸುತ್ತಲಿನ ಕಾಲೊನಿಗಳಲ್ಲಿ ಕನ್ನಡ ಉರ್ದು ಎರಡೂ, ಗೋವಾ ದಾರಿಯ ರಾಮನಗರದಲ್ಲಿ ಮರಾಠಿ, ಆಗ ಸೂಪಾ ತಾಲೂಕು ಎನ್ನುತ್ತಿದ್ದ ಜೋಯಿಡಾದ ಕಾಡಿನಲ್ಲಿ ಕೊಂಕಣಿ, ಅತ್ತ ಮುಂಡಗೋಡದಲ್ಲಿ ಕನ್ನಡದ್ದೇ ಇನ್ನೊಂದು ಗತ್ತು. ಸಾಹೇಬರಿಗೆ ನಾಲ್ಕೂ ಭಾಷೆ ನೀರು ಕುಡಿದಂತೆ. ಆ ಹೆಮ್ಮೆ ಅವರ ಮೀಸೆಯಲ್ಲೇ ಕಾಣುತ್ತಿತ್ತು. ಕೆಲಸಗಾರರೂ ಹೌದು. ಹಳಿಯಾಳದ ಪೇಟೆಗೆ ರಸ್ತೆ ತಂದಿದ್ದರು, ಕಾಲೊನಿಗೆ ನಲ್ಲಿ ತಂದಿದ್ದರು, ಮುಂಡಗೋಡದ ಆಸ್ಪತ್ರೆಗೆ ಡಾಕ್ಟರರನ್ನು ತಂದಿದ್ದರು. ಎರಡನೆಯ ಸಲ ಗೆಲ್ಲುವುದರಲ್ಲಿ ಅವರಿಗೂ ಸಂಶಯವಿರಲಿಲ್ಲ, ನನಗೂ ಇರಲಿಲ್ಲ.

ಆ ಸಂಶಯ ಹುಟ್ಟಿಸಿದ್ದು ಒಂದು ಅಚ್ಚಿನ ತಪ್ಪು.

ಚುನಾವಣೆಗೆ ಮುಂಚಿನ ಮಳೆಗಾಲ. ಕೋಗಿಲಬನದ ಹತ್ತಿರ ಸಾಹೇಬರು ಪತ್ನಿ ಸಮೇತ ಕಾಳಿ ಹೊಳೆಗೆ ಬಾಗಿನ ಬಿಟ್ಟರು. ನಾನು ಪೋಸ್ಟಾಫೀಸಿಗೆ ಓಡಿ ಟ್ರಂಕ್ ಕಾಲ್ ಹಾಕಿ 'ಶಾಸಕರು ಕಾಳಿ ಹೊಳೆಗೆ ಬಾಗಿನ ಬಿಟ್ಟರು' ಎಂದು ಗಂಟಲು ಹರಿಯುವಂತೆ ಕೂಗಿದೆ. ತಂತಿಯಲ್ಲಿ ಗೊರಗೊರ ಸದ್ದು. ಆಚೆಯಿದ್ದವನು ಏನು ಕೇಳಿಸಿಕೊಂಡನೋ, ಬಾಗಿನ ತಂತಿಯಲ್ಲೇ ಉಳಿಯಿತು. ಬೆಳಿಗ್ಗೆ ಕಟ್ಟು ಬಿಚ್ಚಿದರೆ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ 'ಶಾಸಕರು ಕಾಳಿ ಹೊಳೆಗೆ ಬಿದ್ದರು' ಎಂದಿದೆ. ಪತ್ರಿಕೆ ಮುಚ್ಚಿಡೋಣವೆಂದರೆ ಹಳಿಯಾಳದಲ್ಲಿ ಆಗಲೇ ಹಂಚಿಯಾಗಿತ್ತು.

ಸಿಕ್ಕ ಬಸ್ಸು ಹತ್ತಿ ಹಳಿಯಾಳಕ್ಕೆ, ಸಾಹೇಬರ ಮನೆಗೆ ಓಡಿದೆ. ಅಂಗಳದ ತುಂಬ ಜನ. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಹೆಂಗಸರು ಆಗಲೇ ಅಳಲು ಸುರು ಮಾಡಿದ್ದರು. ಸಾಹೇಬರು ಅರ್ಧ ಗಡ್ಡ ಬೋಳಿಸಿ, ಇನ್ನರ್ಧಕ್ಕೆ ಸೋಪು ಹಚ್ಚಿಕೊಂಡೇ ಹೊರಗೆ ಬಂದು ಎಲ್ಲರಿಗೂ ಕೈ ಮುಗಿಯುತ್ತಿದ್ದರು. ಮಧ್ಯಾಹ್ನ ಗಿರಣಿಯ ಪಾಳಿ ಬಿಟ್ಟ ಕೂಡಲೇ ಕಾಲೊನಿಯವರು ಬಂದರು, ಮುಂಡಗೋಡದವರು ಬಸ್ಸು ಹತ್ತಿ ಬಂದರು, ರಾಮನಗರದ ವ್ಯಾಪಾರಿಗಳು ಲಾರಿಯಲ್ಲಿ ಬಂದರು. ನಾನು ಬಾಗಿಲ ಬಳಿ ನಿಂತು ಬಂದವರಿಗೆಲ್ಲ ಬಾಗಿನದ ಕಥೆ ಹೇಳಿ ಹೇಳಿ ಸೋತೆ. ಸಂಜೆ ಸಾಹೇಬರು ನನ್ನನ್ನು ಬೈಯುತ್ತಾರೆಂದುಕೊಂಡರೆ ಅವರ ಮುಖ ಹಬ್ಬದಂತಿತ್ತು. ತಿಂಗಳಿಗೊಮ್ಮೆ ಹೀಗೆ ಬೀಳಿಸುತ್ತಿರು ಎಂದು ಬೆನ್ನು ತಟ್ಟಿ ಕಳಿಸಿದರು.

ಗಲಗಲಿ ಮಾಸ್ತರು ಮಾತ್ರ ನಗಲಿಲ್ಲ. ಯಾರ್ಯಾರು ಬಂದಿದ್ದರು ಹೇಳು ಎಂದು ಫೋನಿನಲ್ಲಿ ಕೇಳಿದರು, ಹೇಳಿದೆ. ಕಾಡಿನ ಕಡೆಯವರು, ಕುಳಗಿ ಆಚೆಯವರು ಯಾರು ಬಂದಿದ್ದರು ಎಂದರು. ನೆನಪು ಮಾಡಿಕೊಂಡೆ. ಒಬ್ಬರೂ ಇಲ್ಲ.

"ಸುದ್ದಿ ಮುಟ್ಟಲಿಲ್ಲೋ, ಮುಟ್ಟಿದ್ರೂ ಬರ್ಲಿಲ್ಲೋ? ಹೋಗಿ ನೋಡು," ಎಂದು ಮಾಸ್ತರು ಫೋನಿಟ್ಟರು.

ಮಳೆ ಕಡಿಮೆಯಾದ ಮೇಲೆ ಹೊರಟೆ. ಮೈಯಲ್ಲಿ ಅದೆಂಥ ಹುರುಪು! ಊರೂರು ಸುತ್ತಿ ಏನು ಉಂಡು ಹೋದರು ಎಂದು ಕೇಳಿದ್ದೇ ಕೇಳಿದ್ದು. ಹಳಿಯಾಳದ ಕಡೆ ರೊಟ್ಟಿಗೆ ಎಣ್ಣೆಗಾಯಿ ಮಾಡಿದ್ದೆವೆಂದು ಹೆಂಗಸರು ನಾ ಮುಂದು ತಾ ಮುಂದು ಎಂದು ಹೇಳಿದರು. ಕಾಲೊನಿಯಲ್ಲಿ ಗಿರಮಿಟ್ಟು, ಮಿರ್ಚಿ ಭಜಿ. ರಾಮನಗರದಲ್ಲಿ ಚಹಾ ಮಾತ್ರ, ಆದರೆ ಸಕ್ಕರೆ ಬೇಡವೆಂದಿದ್ದರು ಎನ್ನುವುದೂ ನೆನಪಿತ್ತು. ಕುಳಗಿಯ ಅರಣ್ಯ ಇಲಾಖೆಯ ಬಿಡಾರ ದಾಟಿದ ಮೇಲೆ ಪ್ರಶ್ನೆಗೆ ಉತ್ತರ ನಿಂತಿತು.

ಕರಂಜೆ ಎಂಬ ಊರು. ಸಿದ್ದಿಗಳ ಮನೆಗಳೇ ಹೆಚ್ಚು, ಕುಣಬಿಗಳದು ಕೆಲವು. ಅಲ್ಲಿ ಮೊನ್ನಿಬಾಯಿ ಎಂಬವರು ಸಿಕ್ಕರು. ಕ್ರೈಸ್ತರ ಮನೆಯ ಸಿದ್ದಿ ಹೆಂಗಸು. ಗಂಡನಿಲ್ಲ, ಗದ್ದೆ ತಾವೇ ಮಾಡಿಸುತ್ತಿದ್ದರು, ಊರಿನ ಹಿರಿಯರೂ ಅವರ ಮಾತು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಅವರನ್ನೂ ಕೇಳಿದೆ. ಭತ್ತ ಕೇರುತ್ತಿದ್ದ ಮೊರ ಕೆಳಗಿಟ್ಟು ಅವರು ಹೇಳಿದರು:

"ಏನೂ ಉಣ್ಲಿಲ್ರಿ. ವೋಟ್ ಕೇಳಾಕ ಬಂದಾಗ ಕೋಳಿ ಕೊಯ್ದಿದ್ದೆ. ಕೈ ಮುಗದು, ಬರ್ತೇನಿ ಅಂದು ಜೀಪ್ ಹತ್ತಿದ್ರು. ಬರ್ತೇನಿ ಅಂದಾರಲ್ಲ, ಬಂದ ಮ್ಯಾಲೆ ಹಾಕೂಣು ಅಂತ ಐದು ವರ್ಷ ಆತು, ಆ ಸಾರು ಬಿಸಿ ಮಾಡಾಕತ್ತೀನಿ."

ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಲೇ ನನಗೆ ಮಿಂಚು ಹೊಡೆದಂತಾಯಿತು. ನಮ್ಮಲ್ಲಿ ಯಾರೂ ಹೊರಡುವಾಗ 'ಹೋಗ್ತೇನಿ' ಎನ್ನುವುದಿಲ್ಲ. ಅದು ಅಪಶಕುನ, ಮತ್ತೆ ಬಾರದೆ ಹೋಗುವವರ ಮಾತು. 'ಬರ್ತೇನಿ' ಎಂದೇ ಹೋಗುವುದು. ಮರಾಠಿಯವರೂ 'ಯೇತೋ' ಎನ್ನುತ್ತಾರೆ, ಕೊಂಕಣಿಯವರು 'ಯೆತಾಂ', ನಮ್ಮ ಕಾಲೊನಿಯ ಮುಸಲ್ಮಾನರು 'ಆತೂಂ'. ಎಲ್ಲವೂ ಬರ್ತೇನಿಯೇ. ಸಾಹೇಬರು ನಾಲ್ಕೂ ಭಾಷೆಯಲ್ಲಿ ನಾಲ್ಕೂ ಕಡೆ ಅದನ್ನು ಅಂದು ಬಂದಿದ್ದರು.

ಕರಂಜೆಯವರ ಬೇಡಿಕೆ ದೊಡ್ಡದಲ್ಲ. ಒಂದು ವಸ್ತಿ ಬಸ್ಸು. ರಾತ್ರಿ ಊರಿಗೆ ಬಂದು, ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗಿ, ಬೆಳಗಾಗುವ ಮುಂಚೆ ಹೊರಡುವ ಬಸ್ಸಿಗೆ ನಾವು ವಸ್ತಿ ಬಸ್ಸು ಎನ್ನುತ್ತೇವೆ. ಆ ಊರಿಗೆ ಇದ್ದದ್ದು ಮಧ್ಯಾಹ್ನ ಬಂದು ತಿರುಗಿ ಹೋಗುವ ಬಸ್ಸೊಂದೇ. ಗಿರಣಿಯಲ್ಲಿ ದಿನಗೂಲಿ ಬೇಕೆಂದರೆ ಮುಂಜಾನೆಯ ಪಾಳಿಯ ಸೈರನ್ನು, ನಮ್ಮ ಬಾಯಲ್ಲಿ ಭೋಂಗಾ, ಕೂಗುವುದರೊಳಗೆ ಗೇಟಿನ ಮುಂದೆ ನಿಂತಿರಬೇಕು. ಭೋಂಗಾ ಆಯಿತೋ, ಗೇಟು ಮುಚ್ಚಿತು. ಮೊನ್ನಿಬಾಯಿಯ ಮಗ ಇನಾಸ ಮತ್ತು ಅವನ ಜೊತೆಯವರು ಕತ್ತಲಲ್ಲೇ ಎದ್ದು, ಕರಡಿ ಕಾಟದ ಕಾಡಿನಲ್ಲಿ ಪಂಜು ಹಿಡಿದು ದಾಂಡೇಲಿಯವರೆಗೆ ನಡೆಯುತ್ತಿದ್ದರು. ಬಸ್ಸು ಬಂದರೆ ಅವರಿಗೆ ಗಿರಣಿ ಕೆಲಸ ಗಟ್ಟಿ, ಇಲ್ಲವಾದರೆ ಊರು ಬಿಟ್ಟು ಪೇಟೆಯ ಗುಡಿಸಲು ಸೇರುವುದೇ ಗತಿ. ಕೆಲವರು ಆಗಲೇ ಸೇರಿದ್ದರು. ಈ ಬೇಡಿಕೆ ಸಾಹೇಬರಿಗೂ ಮುಟ್ಟಿತ್ತು. ಅವರು ಡಿಪೋಗೆ ಹೇಳಿದ್ದರು. ಸಿಬ್ಬಂದಿ ಮಲಗಲು ಅಲ್ಲಿ ಯೋಗ್ಯ ಜಾಗವಿಲ್ಲವೆಂದು ಡಿಪೋದವರು ಅಂದಿದ್ದರು, ಇವರು ಸುಮ್ಮನಾಗಿದ್ದರು.

ಬಂದವನೇ ಬರೆದೆ. ಕೈ ಓಡಿದ ರಭಸಕ್ಕೆ ನಿಬ್ಬು ಮುರಿಯಿತು. ರಸ್ತೆ, ನಲ್ಲಿ, ಡಾಕ್ಟರರು ಎಲ್ಲವನ್ನೂ ಬರೆದೆ, ಎಣ್ಣೆಗಾಯಿಯನ್ನೂ ಬಿಡಲಿಲ್ಲ. ಕೊನೆಗೆ ಕರಂಜೆ. 'ನಾಲ್ಕು ಭಾಷೆಯಲ್ಲಿ ಬರ್ತೇನಿ ಅಂದವರು ಕರಂಜೆಗೆ ಒಂದು ಭಾಷೆಯಲ್ಲೂ ಬರಲಿಲ್ಲ' ಎಂದು ಮುಗಿಸಿದೆ. ಮಾಸ್ತರು ಮೊದಲ ಸಲ ಕೆಂಪು ಗೀಟು ಹಾಕದೆ ಅಚ್ಚು ಮಾಡಿದರು. ಎರಡು ದಿನ ಕಳೆಯುವುದರಲ್ಲಿ ಎದುರು ಪಕ್ಷದವರ ಮೈಕಿನಲ್ಲಿ ಆ ಸಾಲು! ಸಂತೆಯಲ್ಲಿ, ಗಿರಣಿ ಗೇಟಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಅದೇ. ಸಾಹೇಬರ ಜೀಪು ಹೋದರೆ 'ಬರ್ತೇನಿ ಸಾಹೇಬ್ರು ಹೊಂಟ್ರು' ಎಂದು ಜನ ನಗುತ್ತಿದ್ದರು. ಗಾಳಿ ತಿರುಗುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು.

ಒಂದು ಬೆಳಿಗ್ಗೆ ಸಾಹೇಬರ ಜೀಪು ನನ್ನ ಮನೆಯ ಮುಂದೆ ನಿಂತಿತು. ಕರೆಯುತ್ತಿದ್ದಾರೆ ಎಂದ ಡ್ರೈವರ್. ಹೆಂಡತಿ ಗಾಬರಿಯಾದಳು. ಹೋದೆ. ಸಾಹೇಬರು ಚಹಾ ಕುಡಿಯುತ್ತ ಕುಳಿತಿದ್ದರು, ಪಕ್ಕದಲ್ಲಿ ಪತ್ರಿಕೆ. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ತಲೆಯೆತ್ತಿ, ಆ ಕೋಳಿ ಸಾರಿನ ಮಾತು ಖರೆಯೇ ಎಂದು ಕೇಳಿದರು. ಹೌದೆಂದೆ.

"ಏಳಪಾ ಹಂಗಾರ, ಹೋಗೂಣು," ಎಂದರು.

ದಾರಿಯ ಊರುಗಳಲ್ಲೆಲ್ಲ ನಿಂತು ಕರಂಜೆಗೆ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಜೊತೆಗೆ ಕಾರ್ಯಕರ್ತರಿದ್ದರು. ರಾಮನಗರದಲ್ಲಿ ಅವತ್ತೇ ಸಂಜೆ ದೊಡ್ಡ ಸಭೆ, ಬೇಗ ಮುಗಿಸಬೇಕೆಂದು ದಾರಿಯುದ್ದಕ್ಕೂ ಅನ್ನುತ್ತಿದ್ದರು. ಮೊನ್ನಿಬಾಯಿಯ ಅಂಗಳದಲ್ಲಿ ಊರು ನೆರೆಯಿತು. ಸಾಹೇಬರು ಕೊಂಕಣಿಯಲ್ಲಿ ಚೆನ್ನಾಗಿಯೇ ಮಾತಾಡಿದರು. ಚುನಾವಣೆ ಮುಂದಿರುವಾಗ ಬಸ್ಸಿನ ಮಾತು ಕೊಡಲು ಬರುವುದಿಲ್ಲ ಎಂದೂ ಮುಚ್ಚಿಡದೆ ಹೇಳಿದರು. ಜನ ಕೇಳಿದರು. ಮಾತು ಮುಗಿಯಿತು. ಸಾಹೇಬರು ಎದ್ದು ಕೈ ಜೋಡಿಸಿದರು. ಅಂಗಳದ ಅಷ್ಟೂ ಕಣ್ಣು ಅವರ ಬಾಯಿಯ ಮೇಲೆ. ತುಟಿ ತೆರೆಯಿತು, ಮಾತು ಹೊರಡಲಿಲ್ಲ. ಆಗ ಮೊನ್ನಿಬಾಯಿ ಮೆಲ್ಲಗೆ ಹೇಳಿದರು:

"ಸಾಹೇಬ್ರ, ಈ ಸಲ ಬರ್ತೇನಿ ಅನಬ್ಯಾಡ್ರಿ. ಹೋಗ್ತೇನಿ ಅನ್ರಿ. ಹಾದಿ ಕಾಯೂದರ ತಪ್ಪತೈತಿ."

ಕಾರ್ಯಕರ್ತರೊಬ್ಬರು ಸಿಟ್ಟಿನಿಂದ ಮುಂದೆ ಬಂದರು. ಅಂಥ ಮಾತನ್ನು ಮನೆಗೆ ಬಂದವರ ಬಾಯಿಂದ ಆಡಿಸುವುದೆಂದರೇನು? ಸಾಹೇಬರು ತಲೆ ಅಲ್ಲಾಡಿಸಿ ಅವರನ್ನು ತಡೆದರು. ಜೋಡಿಸಿದ ಕೈ ಹಾಗೇ ಇತ್ತು. ಬರ್ತೇನಿ ಅನ್ನಲು ನಾಚಿಕೆ, ಹೋಗ್ತೇನಿ ಅನ್ನಲು ಬಾಯಿ ಬಾರದು. ನಾಲ್ಕು ಭಾಷೆ ಬಲ್ಲ ಮನುಷ್ಯನಿಗೆ ಹೊರಡಲು ಒಂದು ಮಾತಿಲ್ಲ! ಡ್ರೈವರ್ ಜೀಪು ಚಾಲೂ ಮಾಡಿದ್ದವನು ಬಂದ್ ಮಾಡಿದ. ಸಾಹೇಬರು ಕೈ ಇಳಿಸಿದರು, ಹಿಂದಕ್ಕೆ ಬಂದು ಮೊನ್ನಿಬಾಯಿಯ ಜಗಲಿಯ ಮೇಲೆ ಕುಳಿತುಬಿಟ್ಟರು.

"ಹೊರಡಾಕ ಮಾತಿಲ್ಲ ಯವ್ವಾ ನನ್ನ ಕಡೆ," ಎಂದರು. "ಊಟಕ್ಕ ಹಾಕು. ಇವತ್ತ ಇಲ್ಲೇ ವಸ್ತಿ."

ಕಾರ್ಯಕರ್ತರು ಕಾಲು ಹಿಡಿಯುವುದೊಂದು ಬಾಕಿ. ರಾಮನಗರದಲ್ಲಿ ಜನ ಕಾದಿದ್ದಾರೆ, ಪೆಂಡಾಲು ಹಾಕಿದೆ ಎಂದರು. ಸಾಹೇಬರು ಜೀಪನ್ನೂ ಅವರನ್ನೂ ರಾಮನಗರಕ್ಕೆ ಕಳಿಸಿ, ಸಭೆ ನೀವೇ ಮಾಡಿ ಎಂದರು. ನಾನು ಉಳಿದೆ. ಅಷ್ಟು ದೊಡ್ಡ ಸುದ್ದಿ ಕೈಯಲ್ಲಿದೆ, ಕಳಿಸೋಣವೆಂದರೆ ಮರುದಿನ ಮಧ್ಯಾಹ್ನದವರೆಗೆ ಬಸ್ಸಿಲ್ಲ! ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗಾಡಿದೆ. ವಸ್ತಿ ಬಸ್ಸು ಇಲ್ಲದ್ದರ ಬಿಸಿ ನನಗೆ ಮುಟ್ಟಿದ್ದು ಆಗಲೇ. ಸಾಹೇಬರು ಮಾತ್ರ ಕೋಳಿ ಸಾರು ಅನ್ನ ಉಂಡು, ಇದು ಐದು ವರ್ಷದ ಸಾರು ಹೌದೋ ಅಲ್ಲೋ ಎಂದು ಮೊನ್ನಿಬಾಯಿಯನ್ನು ಛೇಡಿಸಿ, ಅದೇ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಗೊರಕೆ ಹೊಡೆದರು.

ಬೆಳಗಿನ ಜಾವ ಇನಾಸನ ಗುಂಪು ಹೊರಟಿತು. ಸಾಹೇಬರು ಧೋತರ ಎತ್ತಿ ಕಟ್ಟಿ ಅವರ ಜೊತೆ ನಡೆದರು, ಹಿಂದೆ ನಾನು. ಅವರ ನಡಿಗೆಗೆ ನಮ್ಮ ನಡಿಗೆ ಎಲ್ಲಿ ಸಾಲಬೇಕು? ನೀವು ಮುಂದೆ ಹೋಗಿ ಎಂದು ಸಾಹೇಬರು ಮತ್ತೆ ಮತ್ತೆ ಹೇಳಿದರು. ನಿಮ್ಮನ್ನು ಕಾಡಿನಲ್ಲಿ ಬಿಟ್ಟು ಹೋದರೆ ನಮ್ಮವ್ವ ಮನೆಗೆ ಸೇರಿಸುವುದಿಲ್ಲ ಎಂದ ಇನಾಸ. ಗಿರಣಿಯ ಹೊಗೆಗೂಡು ಕಣ್ಣಿಗೆ ಬಿತ್ತು, ಎಲ್ಲರೂ ಓಡಲು ಸುರು ಮಾಡಿದರು, ಸಾಹೇಬರೂ ಓಡಿದರು. ಆಗಲೇ ಭೋಂಗಾ ಕೂಗಿತು. ಓಡುತ್ತಿದ್ದವರು ನಿಂತರು. ಯಾರೂ ಬೈಯಲಿಲ್ಲ. ಇನಾಸ ಪಂಜಿನ ಕೋಲನ್ನು ಬೇಲಿಗೆ ಒರಗಿಸಿ, ಇವತ್ತಿನ ಹಾಜರಿ ಹೋಯಿತು, ಚಹಾ ಕುಡಿಯೋಣ ಬನ್ನಿ ಎಂದ. ಸಾಹೇಬರು ಏದುಸಿರು ಬಿಡುತ್ತ ಮುಚ್ಚಿದ ಗೇಟನ್ನೇ ನೋಡುತ್ತ ನಿಂತಿದ್ದರು. ಆ ಗೇಟಿನ ಮುಂದೆ ಎಷ್ಟೋ ಸಲ ಅವರಿಗೆ ಹಾರ ಹಾಕಿದ್ದನ್ನು ನಾನೇ ಬರೆದಿದ್ದೆ.

ಚುನಾವಣೆಯಲ್ಲಿ ಅವರು ಸೋತರು. ದೊಡ್ಡ ಅಂತರವಲ್ಲ, ಆದರೂ ಸೋಲು ಸೋಲೇ. ರಾಮನಗರದ ಸಭೆಗೆ ಹೋಗಿದ್ದರೆ ಗೆಲ್ಲುತ್ತಿದ್ದರು ಎಂದರು ಕಾರ್ಯಕರ್ತರು. ನಿನ್ನ ಸಾಲಿನಿಂದ ಸೋತರು ಎಂದರು ಕೆಲವರು. ಕರಂಜೆಯವರು ಯಾರಿಗೆ ಹಾಕಿದರೋ ನಾನು ಕೇಳಲಿಲ್ಲ, ಕೇಳುವುದು ಈ ಕೆಲಸದ ಧರ್ಮವೂ ಅಲ್ಲ. ಎಣಿಕೆಯ ದಿನ ಸಾಹೇಬರು ಹೊರಗೆ ಬಂದಾಗ ಸುತ್ತ ಜನ ಕಡಿಮೆ. ನನ್ನನ್ನು ಕಂಡು, ಈ ಸಲ ಖರೇನ ಹೊಳೆಗೆ ಬಿದ್ದೆ ನೋಡು ಎಂದು ನಕ್ಕರು. ನನಗೆ ನಗು ಬರಲಿಲ್ಲ, ಅಳು ಬಂತು.

ಕಥೆ ಇಲ್ಲಿಗೆ ಮುಗಿಯಿತೆಂದು ನಾನೂ ತಿಳಿದಿದ್ದೆ. ಒಂದು ದಿನ ಹಳಿಯಾಳದ ಸ್ಟ್ಯಾಂಡಿನಲ್ಲಿ ನನ್ನ ಲಕೋಟೆ ಒಯ್ಯುವ ಕಂಡಕ್ಟರ್ ಕಣ್ಣರಳಿಸಿ ಒಂದು ಸುದ್ದಿ ಹೇಳಿದ. ಮಾಜಿ ಸಾಹೇಬರು ಡಿಪೋಗೆ ಬಂದು ಬಾಕಿನ ಮೇಲೆ ಕುಳಿತಿದ್ದಾರಂತೆ, ಕರೆದರೂ ಒಳಗೆ ಕುರ್ಚಿಗೆ ಬರುವುದಿಲ್ಲವಂತೆ. ಓಡಿದೆ. ಡಿಪೋದ ಅಧಿಕಾರಿ ಅದೇ ಹಳೆಯ ಉತ್ತರ ಹೇಳುತ್ತಿದ್ದರು. ಕರಂಜೆಯಲ್ಲಿ ಸಿಬ್ಬಂದಿ ಮಲಗಲು ಯೋಗ್ಯ ಜಾಗವಿಲ್ಲ. ಸಾಹೇಬರು ವಕೀಲರಲ್ಲವೇ, ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು.

"ನಾ ಮಲಗೇನ್ರಿ ಅಲ್ಲಿ. ಶಾಸಕ ಇದ್ದಾಗ ಮಲಗೇನಿ, ಗೊರಕಿ ಹೊಡದೇನಿ, ಈ ವರದಿಗಾರ ಸಾಕ್ಷಿ. ಶಾಸಕಗ ನಡದ ಜಗಲಿ ಡ್ರೈವರಗ ಯಾಕ ನಡ್ಯಂಗಿಲ್ಲ?"

ಡಿಪೋದ ಡ್ರೈವರುಗಳೇ ಮೊದಲು ನಕ್ಕದ್ದು. ಒಬ್ಬ ಮುಂದೆ ಬಂದು, ಕೋಳಿ ಸಾರು ಹಾಕುವುದಾದರೆ ನಾನು ವಸ್ತಿ ಮಾಡಲು ತಯಾರು ಎಂದ. ಅಧಿಕಾರಿ ಬಸ್ಸಿನ ವೇಳಾಪಟ್ಟಿ ತರಿಸಿದರು. ಐದು ವರ್ಷ ಶಾಸಕರ ಹೇಳಿಕೆಗೆ ಜಗ್ಗದ ಬಸ್ಸು ಒಂದು ರಾತ್ರಿಯ ಗೊರಕೆಗೆ ಜಗ್ಗಿತು.

ಮೊದಲ ವಸ್ತಿ ಬಸ್ಸಿನಲ್ಲಿ ಸಾಹೇಬರೂ ನಾನೂ ಕರಂಜೆಗೆ ಹೋದೆವು. ಊಟ, ಹಾಡು, ಕುಣಿತ ಎಲ್ಲ ಆಯಿತು. ಬೆಳಗಿನ ಜಾವ ಬಸ್ಸು ತುಂಬಿತು. ಪಂಜು ಹಿಡಿದು ನಡೆಯುತ್ತಿದ್ದವರು ಕಿಟಕಿಯ ಪಕ್ಕದ ಜಾಗಕ್ಕೆ ಜಗಳ ಮಾಡುತ್ತಿದ್ದರು. ಡ್ರೈವರ್ ಹಾರ್ನ್ ಹಾಕಿದ. ಸಾಹೇಬರು ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಮೊನ್ನಿಬಾಯಿಯ ಕಡೆ ತಿರುಗಿ ಕೈ ಜೋಡಿಸಿದರು. ಬಾಯಿ ತೆರೆದವರು ಮೊದಲು ಅವರ ಮುಖ ನೋಡಿದರು.

"ಈಗ ಅನ್ರಿ, ಸಾಹೇಬ್ರ," ಎಂದರು ಮೊನ್ನಿಬಾಯಿ.

"ಬರ್ತೇನಿ."

"ಬರ್ರಿ. ರಾತ್ರಿ ಬಸ್ಸು ಹೆಂಗೂ ಬರ್ತೈತಿ. ಅಡಿಗಿ ಮಾಡಿರ್ತೇನಿ."

ದಾರಿಯಲ್ಲಿ ಎಲ್ಲರ ಕಿವಿಯೂ ಹೊರಗಿತ್ತು. ಕುಳಗಿ ದಾಟಿತು, ಹೊಗೆಗೂಡು ಕಂಡಿತು. ಗೇಟಿನ ಮುಂದೆ ಬಸ್ಸು ನಿಂತು ಇನಾಸ ಕೆಳಗೆ ಇಳಿದಾಗ ಭೋಂಗಾ ಇನ್ನೂ ಆಗಿರಲಿಲ್ಲ.